ಬೆಂಕಿಯುಂಡೆ ದಿನಕ್ಕೆ ಎರಡೇ ಯಾಕೆ?

ಆಷಾಢದ ಒಂದು ಭಾನುವಾರ. ಮುಂಬೈಯ ಸೆಂಟ್ರಲ್ ಲೈನ್‌ನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೋಕಲ್ ರೈಲು ಬಂದ್. ಹೊರಗೆ ಬಿಡದ ಮಳೆ. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿಗೆ ಐದು ಜನ ಹೇಗೋ ಒತ್ತಿಕೊಂಡು ಕೂತಿದ್ದೆವು. ಮಧ್ಯದಲ್ಲಿ ಇಪ್ಪತ್ತು ಮುಖದ ದಾಳ, ಪೆನ್ಸಿಲ್, ಎಣ್ಣೆ ಕೈ ತಾಗಿ ಆಚೆ ಬದಿ ಕಾಣುವಂತಾದ ಕ್ಯಾರೆಕ್ಟರ್ ಶೀಟುಗಳು, ಒಂದು ತಟ್ಟೆ ಗೋಳಿಬಜೆ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಒಟ್ಟಿಗೆ ಕಥೆ ಕಟ್ಟುವ ರೋಲ್ ಪ್ಲೇಯಿಂಗ್ ಆಟ, ಚಿಕ್ಕದಾಗಿ ಆರ್‌ಪಿಜಿ. ಕಥೆ ಹೇಳಿ ನಡೆಸುತ್ತಿದ್ದದ್ದು ನಾನು.

ಕುಂದಾಪುರದ ಗೆಳೆಯನದು ಮಂತ್ರವಾದಿ ಪಾತ್ರ, ಐದನೇ ಲೆವೆಲ್. ಮೊದಲ ಕೋಣೆಯಲ್ಲಿ ಆರು ಗಾಬ್ಲಿನ್‌ಗಳು ಕಂಡವು. ಇವನು ಹಿಂದೆಮುಂದೆ ನೋಡದೆ ಬೆಂಕಿಯುಂಡೆ ಎಸೆದ. ಎಂಟು ದಾಳ ಒಟ್ಟಿಗೆ ಉರುಳಿಸುವ ಖುಷಿಯೇ ಬೇರೆ. ಆರೂ ಬೂದಿ. ಮುಂದಿನ ಕೋಣೆಯಲ್ಲಿ ಮೂರು ತೋಳ, ಇನ್ನೊಂದು ಉಂಡೆ. ಆ ಲೆವೆಲ್‌ನಲ್ಲಿ ಅಷ್ಟು ದೊಡ್ಡ ಮಂತ್ರ ದಿನಕ್ಕೆ ಎರಡೇ. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡರೆ ಒಂದು ವಾಪಸ್ ಸಿಗುತ್ತದೆ, ಅದೂ ದಿನಕ್ಕೊಂದೇ ಸಲ. ಅದನ್ನೂ ಪಡೆದು ಬಾವಲಿ ಹಿಂಡಿನ ಮೇಲೆ ಸುರಿದ. ಕೊನೆಯ ಕೋಣೆಯ ಬಾಗಿಲು ತೆಗೆದರೆ ಎದುರಿಗೇ ಟ್ರೋಲ್ ಎಂಬ ದೈತ್ಯ. ಇದನ್ನು ಎಷ್ಟು ಕಡಿದರೂ ಗಾಯ ತಾನೇ ಮಾಯುತ್ತದೆ. ಬೆಂಕಿಯೋ ಆಸಿಡ್ಡೋ ತಾಗಿದರೆ ಮಾತ್ರ ಮಾಯುವುದು ನಿಲ್ಲುತ್ತದೆ.

"ಇನ್ನೊಂದು ಉಂಡೆ ಎಸೀತೇನೆ" ಅಂದ.

"ಮುಗಿದಿದೆ. ಇನ್ನು ರಾತ್ರಿ ಮಲಗಿ ಎದ್ದ ಮೇಲೆ."

"ಇದೇನು ರೇಷನ್ ಅಂಗಡಿಯಾ ಮಾರಾಯ?"

ಎಲ್ಲರೂ ನಕ್ಕರು. ಅವನು ಎರಡು ನಿಮಿಷ ಮುಖ ಊದಿಸಿಕೊಂಡು ಕೂತ. ಆಮೇಲೆ ತನ್ನ ಶೀಟನ್ನು ತಿರುಗಿಸಿ, ಹಿಂದಿನ ಸಾಮಾನು ಪಟ್ಟಿ ಓದತೊಡಗಿದ. ಹಗ್ಗ, ಒಣಮೀನು, ಎರಡು ಬುಡ್ಡಿ ದೀಪದೆಣ್ಣೆ. "ಟ್ರೋಲ್ ನಿಂತಿರುವುದು ಮೆಟ್ಟಿಲ ಮೇಲಾ, ಕೆಳಗಾ?" ಅಂತ ಕೇಳಿದ. ನನಗೆ ಆಗಲೇ ಗೊತ್ತಾಯಿತು. ಎಣ್ಣೆ ಮೆಟ್ಟಿಲಿಗೆ ಹೋಯಿತು, ಒಣಮೀನು ಮೆಟ್ಟಿಲ ಬುಡಕ್ಕೆ ಹೋಯಿತು. ಟ್ರೋಲ್ ಜಾರಿ ಎಣ್ಣೆಯಲ್ಲಿ ಹೊರಳಿತು. ಎಷ್ಟು ಸಲ ಬೇಕಾದರೂ ಹೊಡೆಯಬಹುದಾದ ಒಂದು ಪುಟ್ಟ ಕಿಡಿಯ ಮಂತ್ರ ಅವನ ಹತ್ತಿರ ಇತ್ತು. ಅದೇ ಸಾಕಾಯಿತು. ಇವತ್ತಿಗೂ ಅವನು ಎಲ್ಲರಿಗೂ ಹೇಳಿಕೊಳ್ಳುವುದು ಈ ಒಣಮೀನಿನ ಕಥೆಯನ್ನೇ. ಮೂರು ಬೆಂಕಿಯುಂಡೆ ಅವನಿಗೇ ಮರೆತುಹೋಗಿದೆ.

ಆದರೆ ಅದೇ ವಾರ ಅದೇ ಮನುಷ್ಯ, ಠಾಣೆ ದಾಟುವ ಲೋಕಲ್‌ನಲ್ಲಿ ನನ್ನ ಪಕ್ಕ ನಿಂತು ಫೋನಿಗೆ ಬೈಯುತ್ತಿದ್ದ. ಫೋನಿನಲ್ಲೂ ಒಂದು ರೋಲ್ ಪ್ಲೇಯಿಂಗ್ ಆಟವೇ. "ಶಕ್ತಿ ಮುಗಿದಿದೆ, ನಾಳೆ ಬಾ, ಇಲ್ಲವೇ ಕೊಂಡುಕೋ" ಅಂತ ಅದು ಹೇಳಿತ್ತಂತೆ. ಎರಡೂ ಮಿತಿಯೇ. ಒಂದಕ್ಕೆ ನಕ್ಕ, ಇನ್ನೊಂದಕ್ಕೆ ಬೈದ. ಯಾಕೆ?

ಆಟ ಅಂದಮೇಲೆ ಅಡ್ಡಿ ಇದ್ದದ್ದೇ. ಕುಂಟೆಬಿಲ್ಲೆಯಲ್ಲಿ ಎರಡು ಕಾಲೂ ಗಟ್ಟಿ ಇರುವ ಹುಡುಗಿ ಒಂದು ಕಾಲು ಮಡಚಿಕೊಂಡು ಕುಪ್ಪಳಿಸುತ್ತಾಳೆ. ನಡೆದುಕೊಂಡು ಹೋದರೆ ಬಿಲ್ಲೆ ಬೇಗ ಸಿಗುತ್ತದಲ್ವಾ ಅಂತ ಯಾರೂ ಕೇಳುವುದಿಲ್ಲ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ನುಗ್ಗುವ ಹಾಗಿಲ್ಲ. ಈಗಿನ ಹುಡುಗರು ಲೆವೆಲ್ ಗೇಟ್ ಅಂತ ಕರೆಯುವುದು ಇದನ್ನೇ. ನಮ್ಮ ಅಜ್ಜಿ ಸೀಮೆಸುಣ್ಣದಲ್ಲಿ ಮನೆಯ ನೆಲದ ಮೇಲೆ ಗೀಚಿ ಆಡಿಸುತ್ತಿದ್ದರು.

ಆರ್‌ಪಿಜಿಗಳಲ್ಲಿ ಮಾತ್ರ ಈ ಅಡ್ಡಿ ಚುಚ್ಚುತ್ತದೆ. ಚದುರಂಗ ಯಾರಿಗೂ ಸ್ವಾತಂತ್ರ್ಯದ ಆಸೆ ತೋರಿಸುವುದಿಲ್ಲ. ಆನೆ ನೇರಕ್ಕೆ ಹೋಗುತ್ತದೆ, ಮುಗಿಯಿತು. ಆರ್‌ಪಿಜಿ ಹಾಗಲ್ಲ. "ನೀನು ಯಾರು ಬೇಕಾದರೂ ಆಗು, ಏನು ಬೇಕಾದರೂ ಮಾಡು" ಅಂತ ಕರೆದು ಕೂರಿಸುತ್ತದೆ. ಕೂತ ಮೇಲೆ ಇದು ಆಗಲ್ಲ, ಅದು ಆಗಲ್ಲ ಅನ್ನುತ್ತದೆ. ಊಟಕ್ಕೆ ಕರೆದು ಎಲೆಗೆ ಅನ್ನ ಕಮ್ಮಿ ಬಡಿಸಿದ ಹಾಗೆ.

ಆದರೆ ಕರೆದವರು ಮೊದಲಿನಿಂದಲೂ ಹೀಗೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರು ಮಾಡಿದ್ದು. ಮೊದಲ ಮುದ್ರಣ 1000 ಪ್ರತಿ. ಇಬ್ಬರೂ ಅದಕ್ಕೆ ಮೊದಲು ಬೊಂಬೆ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಅಂಥ ಆಟದಲ್ಲಿ ಕುದುರೆ ಎಷ್ಟು ಅಂಗುಲ ಓಡಬೇಕು, ಬಿಲ್ಲು ಎಷ್ಟು ದೂರ ಹೊಡೆಯಬೇಕು ಎನ್ನುವುದೆಲ್ಲ ಲೆಕ್ಕ. ಆ ಲೆಕ್ಕದ ಬುದ್ಧಿ ಹೊಸ ಆಟಕ್ಕೂ ಬಂತು. ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಹೋರಾಟಗಾರ, ಮಂತ್ರವಾದಿ, ಪೂಜಾರಿ. ಮಂತ್ರವಾದಿ ಕವಚ ತೊಡುವಂತಿಲ್ಲ, ಆಯುಧ ಅಂದರೆ ಚೂರಿ ಮಾತ್ರ. ಪೂಜಾರಿಗೆ ಮೊನೆಯಿರುವ ಆಯುಧ ನಿಷಿದ್ಧ, ಗದೆ ಹಿಡಿಯಬೇಕು.

ಮಂತ್ರವಾದಿ ಕವಚ ಯಾಕೆ ತೊಡಬಾರದು? ಕಬ್ಬಿಣ ಮಂತ್ರಕ್ಕೆ ಅಡ್ಡಿ ಅನ್ನುವುದು, ಕೈ ಆಡಿಸಲು ಆಗಲ್ಲ ಅನ್ನುವುದು ಎಲ್ಲ ಆಮೇಲಿನ ಸಮರ್ಥನೆ. ನಿಜವಾದ ಕಾರಣ ಮೇಜಿನ ಸುತ್ತ ಕೂತಿದೆ. ನಾಲ್ಕು ಜನ ಆಡುವವರಲ್ಲಿ ಒಬ್ಬನೇ ಬೆಂಕಿ ಎಸೆದು, ಕತ್ತಿ ಬೀಸಿ, ಗಾಯ ವಾಸಿ ಮಾಡಿ, ಬೀಗವನ್ನೂ ತೆಗೆದರೆ ಉಳಿದ ಮೂವರು ಗೋಳಿಬಜೆ ತಿನ್ನುವುದಕ್ಕೆ ಬಂದಂತೆ. ಮಾಟುಂಗದ ಯಾವುದಾದರೂ ಹಳೇ ಉಡುಪಿ ಹೋಟೆಲ್‌ಗೆ ಬೆಳಗ್ಗೆ ಎಂಟಕ್ಕೆ ಹೋಗಿ ನೋಡಿ. ಕಾವಲಿ ಮುಂದೆ ಇರುವವನು ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ, ಸಪ್ಲೈಯರ್ ದೋಸೆ ಹೊಯ್ಯುವುದಿಲ್ಲ. ಯಾರಿಗೂ ಬಾರದ ಕೆಲಸ ಅಂತಲ್ಲ. ಅಷ್ಟು ಗದ್ದಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ ಇದ್ದರೇ ದೋಸೆ ಬಿಸಿ ಇರುವಾಗ ಟೇಬಲ್‌ಗೆ ಬರುವುದು. ಪಾತ್ರದ ಬಗೆ, ಅಂದರೆ ಆಟದ 'ಕ್ಲಾಸ್' ಅನ್ನುವುದೂ ಹಾಗೇ. ನನಗೆ ಆಗದ ಕೆಲಸ ಇದೆ ಅಂದರೆ, ಪಕ್ಕದವನ ಅಗತ್ಯ ನನಗೆ ಇದೆ ಅಂತ.

ಕೆಲವು ಮಿತಿಗಳು ಆಟಕ್ಕಿಂತ ಮಾಡಿದವರ ತಲೆಯೊಳಗಿನವು ಎಂಬುದನ್ನೂ ಹೇಳಬೇಕು. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಕುಬ್ಜರು, ಎಲ್ಫ್‌ಗಳಂಥ ಮನುಷ್ಯರಲ್ಲದ ಪಾತ್ರಗಳು ಹೆಚ್ಚಿನ ವಿದ್ಯೆಗಳಲ್ಲಿ ಒಂದು ಲೆವೆಲ್‌ಗೆ ಬಂದು ನಿಂತುಬಿಡುತ್ತಿದ್ದವು. ಮನುಷ್ಯರಿಗೆ ಮಾತ್ರ ಮುಂದೆ ದಾರಿ. ಮನುಷ್ಯರೇ ಮುಖ್ಯವಾಗಿರುವ ಲೋಕ ಬೇಕು ಅನ್ನುವುದು ಗೈಗ್ಯಾಕ್ಸ್‌ರ ಇಷ್ಟ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದೇ ಪುಸ್ತಕದಲ್ಲಿ ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡು ಪಾತ್ರಕ್ಕಿಂತ ಕೆಳಗೆ ಗೆರೆ ಎಳೆದಿದ್ದರು. ಡ್ರ್ಯಾಗನ್ ಹಾರಬಹುದು, ಸತ್ತವನು ಎದ್ದು ಬರಬಹುದು, ಆದರೆ ಹೆಂಗಸು ಗಂಡಸಿನಷ್ಟು ಭಾರ ಎತ್ತುವುದು ಮಾತ್ರ ನಂಬಲು ಆಗದ ವಿಷಯ! ಹೆಣ್ಣಿನ ಮೇಲಿನ ಗೆರೆ 1989ರ ಎರಡನೇ ಆವೃತ್ತಿಯಲ್ಲಿ ಹೋಯಿತು. ಎಲ್ಫ್‌ಗಳ ಲೆವೆಲ್ ಮಿತಿ ಹೋಗಲು 2000ದ ಮೂರನೇ ಆವೃತ್ತಿಯೇ ಬರಬೇಕಾಯಿತು. ಆದರೆ ಮನೆಮನೆಯ ಮೇಜುಗಳಲ್ಲಿ ಇಂಥ ನಿಯಮಗಳನ್ನು ಕಿತ್ತೆಸೆಯಲು ಯಾರೂ ಹೊಸ ಪುಸ್ತಕಕ್ಕೆ ಕಾಯಬೇಕಿರಲಿಲ್ಲ. "ಇದು ಸರಿಯಿಲ್ಲ, ಬಿಡೋಣ" ಅಂದರೆ ಸಾಕು. ಹೌಸ್ ರೂಲ್ ಅಂತಾರೆ ಅದಕ್ಕೆ.

ಮೇಜಿನ ಆಟಕ್ಕೂ ಪರದೆಯ ಆಟಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಮೇಜಿನಲ್ಲಿ "ಯಾಕೆ ಆಗಲ್ಲ?" ಅಂತ ಕೇಳಿದರೆ ಎದುರಿಗೆ ಉತ್ತರ ಕೊಡುವ ಒಂದು ಬಾಯಿ ಇದೆ.

ಈ ಬಾಯಿಯ ವಿಷಯ ಬಂದಾಗ ನನಗೆ ಪ್ರತಿಸಲ ನೆನಪಾಗುವುದು ತಾಳಮದ್ದಲೆ. ಊರಲ್ಲಿ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬರುತ್ತಾರೆ. ಸಭಾಭವನಗಳಲ್ಲಿ, ಸಂಘಗಳಲ್ಲಿ ಕೂಟ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಾಲು ಹೊದ್ದು ಕೂತು ಮಾತಾಡುವುದು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಆ ಕ್ಷಣದಲ್ಲಿ ಹುಟ್ಟಿದ ಮಾತು ಜೋಡಿಸುತ್ತಾನೆ. ಬರೆದಿಟ್ಟ ಸಂಭಾಷಣೆ ಅಂತ ಒಂದು ಸಾಲೂ ಇಲ್ಲ. ಪಾತ್ರದೊಳಗೆ ಹೊಕ್ಕು, ಎದುರಿನವನು ಏನು ಹೇಳುತ್ತಾನೆ ಅಂತ ಗೊತ್ತಿಲ್ಲದೆ ಆಡುವ ಆಟ. ಲೇಕ್ ಜಿನೀವಾದವರಿಗೆ ಗೊತ್ತಿದ್ದರೆ ಖುಷಿಪಡುತ್ತಿದ್ದರೇನೋ.

ಅದರಲ್ಲಿ ವಾಲಿಯ ಪ್ರಸಂಗ ತೆಗೆದುಕೊಳ್ಳಿ. ಮರದ ಮರೆಯಿಂದ ಬಂದ ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಜಗಳ? ಎದುರು ಬಂದು ಯಾಕೆ ಹೊಡೆಯಲಿಲ್ಲ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಮಾತೆತ್ತುತ್ತಾರೆ. ಒಳ್ಳೆಯ ಅರ್ಥಧಾರಿ ವಾಲಿಯಾದರೆ ಆವತ್ತು ರಾಮನ ಕಡೆಯವನು ಬೆವರಬೇಕು. ಮಾತಿನಲ್ಲಿ ವಾಲಿ ಗೆಲ್ಲಲೂಬಹುದು. ಆದರೆ ಏಳುವ ಹಾಗಿಲ್ಲ. ಬಾಣ ನೆಟ್ಟಿದೆ, ಸಾಯಲೇಬೇಕು. ಭಾಗವತರು ಮುಂದಿನ ಪದ ಎತ್ತಿಕೊಂಡರು ಅಂದರೆ ವಾದ ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಯಾರೂ "ವಾಲಿಯನ್ನು ಬದುಕಿಸಿ" ಅಂತ ಕೂಗುವುದಿಲ್ಲ. ಸಾಯುವುದು ಖಚಿತ ಅಂತ ಗೊತ್ತಿರುವುದರಿಂದಲೇ ಆ ಮಾತಿಗೆ ಆ ಕಾವು.

ತಾಳಮದ್ದಲೆಯಲ್ಲಿ ಕೊನೆ ಮೊದಲೇ ನಿಂತಿದೆ, ದಾರಿ ತೆರೆದಿದೆ. ಆರ್‌ಪಿಜಿಯಲ್ಲಿ ಕೊನೆಯೂ ತೆರೆದಿರಬೇಕು. ಆಟ ನಡೆಸುವವನು ಮೊದಲೇ ಕಥೆ ಬರೆದುಕೊಂಡು ಬಂದು ಎಲ್ಲರನ್ನೂ ಅದರೊಳಗೇ ದೂಡಿದರೆ ಆಟಗಾರರು ಅದನ್ನು ರೈಲ್‌ರೋಡಿಂಗ್ ಅಂತ ಬೈಯುತ್ತಾರೆ. ಮುಂಬೈಯಲ್ಲಿ ಇದು ಬೈಗುಳ ಅಂತ ವಿವರಿಸುವುದು ಸ್ವಲ್ಪ ಕಷ್ಟ. ಇಲ್ಲಿ ರೈಲು ಹಳಿಯ ಮೇಲೆ ಹೊತ್ತಿಗೆ ಸರಿಯಾಗಿ ಹೋದರೆ ಹಬ್ಬ. ಆದರೂ ಭಾಗವತನೂ ಆಟ ನಡೆಸುವವನೂ ಮಾಡುವ ಕೆಲಸ ಒಂದೇ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅಂತ ಎದುರಿಗಿರುವವರ ಮುಖ ನೋಡಿ ತೀರ್ಮಾನ ಮಾಡುವುದು.

ಕಂಪ್ಯೂಟರಿಗೆ ಮುಖ ನೋಡಲು ಬರುವುದಿಲ್ಲ. ಅಲ್ಲಿ ಮಿತಿ ಅಂದರೆ ಎಷ್ಟೋ ಸಲ ಯಾರೋ ಕೆಲಸ ಮಾಡಿ ಮುಗಿಸಿದ ಜಾಗ, ಅಷ್ಟೇ. ಬೆಟ್ಟದ ಆಚೆ ಏನೂ ಇಲ್ಲ, ಯಾಕೆಂದರೆ ಆಚೆ ಯಾರೂ ಚಿತ್ರ ಬಿಡಿಸಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೇ ಕಟ್ಟಿದ 2023ರ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3 ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದದ್ದು ಅದೇ. ಮೇಜಿನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 20ನೇ ಲೆವೆಲ್‌ವರೆಗೂ ಹೋಗುತ್ತದೆ. ಇದು ಮಾತ್ರ 12ಕ್ಕೆ ನಿಲ್ಲುತ್ತದೆ. ಬಿಡುಗಡೆಗೆ ಮೊದಲೇ ಜನ ಗೊಣಗಿದರು. 13ನೇ ಲೆವೆಲ್‌ಗೆ ಏರಿದರೆ ಮಂತ್ರವಾದಿಗೆ ಏಳನೇ ದರ್ಜೆಯ ಮಂತ್ರಗಳು ಸಿಗುತ್ತವೆ. ಒಂದು ಚಿಟಿಕೆಗೆ ಊರಿಂದ ಊರಿಗೆ, ಲೋಕದಿಂದ ಲೋಕಕ್ಕೆ ಹಾರಿಬಿಡಬಹುದು. 17ಕ್ಕೆ ಹೋದರೆ "ನನಗೆ ಇಂಥದ್ದು ಆಗಲಿ" ಅಂದರೆ ಆಗುವ ಮಂತ್ರವೇ ಉಂಟು. ನನ್ನ ಮೇಜಿನಲ್ಲಿ ಯಾರಾದರೂ ಹಾಗೆ ಹಾರಿದರೆ ನಾನು ತಲೆ ಕೆರೆದುಕೊಂಡು, ಚಹಾ ಮಾಡುವ ನೆಪದಲ್ಲಿ ಐದು ನಿಮಿಷ ಒಳಗೆ ಹೋಗಿ, ಒಂದು ಹೊಸ ಊರು ಹುಟ್ಟಿಸಿಕೊಂಡು ಬರುತ್ತೇನೆ. ಬಾಲ್ಡರ್ಸ್ ಗೇಟ್ 3 ಮಾಡಿದ ಲಾರಿಯನ್ ಸ್ಟುಡಿಯೋದವರಿಗೆ ಹಾಗೆ ಮಾಡಲು ಆಗದು. ಅವರ ಆಟದಲ್ಲಿ ಆಟಗಾರ ಎಲ್ಲಿಗೆ ಹೋದರೂ ಅಲ್ಲಿ ಮನೆ ಕಟ್ಟಿರಬೇಕು, ಪಾತ್ರಗಳಿಗೆ ಮಾತು ಬರೆದಿರಬೇಕು, ನಟರು ಬಂದು ಧ್ವನಿ ಕೊಟ್ಟಿರಬೇಕು. 12ಕ್ಕೆ ಗೆರೆ ಎಳೆದದ್ದರಿಂದಲೇ ಗೆರೆಯ ಈಚೆ ಅಷ್ಟು ದಟ್ಟವಾಗಿ ಕಟ್ಟಲು ಆಯಿತು ಅನ್ನುವುದು ನನ್ನ ಎಣಿಕೆ.

ಮಿತಿ ಇಡುವ ಬಗೆಯಲ್ಲೂ ಮರ್ಯಾದೆ ಅಂತ ಒಂದಿದೆ. ಬೆಥೆಸ್ಡಾ ಎಂಬ ಕಂಪನಿಯ ಎರಡು ಕಂಪ್ಯೂಟರ್ ಆಟ ಪಕ್ಕಪಕ್ಕ ಇಟ್ಟು ನೋಡಿ. 2002ರ ಮೊರೊವಿಂಡ್‌ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು. ಮುಖ್ಯ ಕಥೆಗೆ ಬೇಕಾದವನನ್ನು ಕೊಂದರೆ ಒಂದು ಸಂದೇಶ ಬರುತ್ತದೆ: ಈ ಸಾವಿನಿಂದ ಭವಿಷ್ಯವಾಣಿಯ ಎಳೆ ಕಡಿದುಹೋಯಿತು, ಮೊದಲು ಉಳಿಸಿಟ್ಟ ಆಟಕ್ಕೆ ಹಿಂತಿರುಗು, ಇಲ್ಲವೇ ನೀನೇ ಕೆಡಿಸಿಕೊಂಡ ಈ ಲೋಕದಲ್ಲಿ ಬದುಕು ಅಂತ. ನಾಲ್ಕು ವರ್ಷ ಬಿಟ್ಟು ಬಂದ ಒಬ್ಲಿವಿಯನ್‌ನಲ್ಲಿ ಅಂಥವರು ಸಾಯುವುದೇ ಇಲ್ಲ. ಎಷ್ಟು ಹೊಡೆದರೂ ತಲೆಸುತ್ತಿ ಬಿದ್ದು, ಸ್ವಲ್ಪ ಹೊತ್ತಿಗೆ ಮೈ ಕೊಡವಿಕೊಂಡು ಏಳುತ್ತಾರೆ. ಎರಡನೆಯದು ಆಟಗಾರನಿಗೆ ಅನುಕೂಲ, ಒಪ್ಪುತ್ತೇನೆ. ನಲವತ್ತು ಗಂಟೆ ಆಡಿದ ಮೇಲೆ ಕಥೆ ಕಟ್ಟಾಯಿತು ಅಂದರೆ ಯಾರಿಗೆ ಬೇಕು? ಆದರೂ ನನ್ನ ಓಟು ಮೊರೊವಿಂಡ್‌ಗೆ. ಅದು ನನ್ನನ್ನು ದೊಡ್ಡವನ ಹಾಗೆ ನೋಡಿತು. ಇನ್ನೊಂದು, ಮಗುವಿನ ಕೈಯಿಂದ ಕತ್ತರಿ ಕಸಿದುಕೊಂಡಿತು.

ಸಾಮಾನಿನ ಭಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2011ರ ಸ್ಕೈರಿಮ್‌ನಲ್ಲಿ ಶುರುವಿನಲ್ಲಿ 300ರ ಭಾರ ಹೊರಬಹುದು. ಒಂದು ಹೆಚ್ಚಾದರೂ ಓಡಲು ಆಗದು, ನಡೆಯಬೇಕು. ಬೇರೆ ಊರಿನವರು ಇದನ್ನು ಕಿರಿಕಿರಿ ಅಂತಾರೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಸಂಸಾರ ಮಾಡುವ ಮುಂಬೈಯವರಿಗೆ ಇದು ದಿನನಿತ್ಯದ ಬಾಳು. ಹೊಸ ಕುಕ್ಕರ್ ಬರಬೇಕಾದರೆ ಹಳೆಯದು ಹೋಗಬೇಕು.

ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಜನ ಸಾವಿರಾರು ಆದಾಗ ಮಿತಿಯ ಕಾರಣವೇ ಬದಲಾಗುತ್ತದೆ. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಬಂದಾಗ ಅದನ್ನು ಮಾಡಿದವರು ನಿಜವಾದ ಕಾಡಿನ ಹಾಗೆ ಒಂದು ಕಾಡು ಮಾಡಲು ಹೊರಟಿದ್ದರು. ಹುಲ್ಲು, ಹುಲ್ಲು ತಿನ್ನುವ ಮೊಲ, ಮೊಲ ತಿನ್ನುವ ತೋಳ. ಲೆಕ್ಕ ಎಲ್ಲ ಸರಿಯಿತ್ತು. ಆಟಗಾರರು ಒಳಗೆ ಬಂದರು, ಕಣ್ಣಿಗೆ ಕಂಡದ್ದನ್ನೆಲ್ಲ ಕೊಂದರು. ಹುಟ್ಟುವ ವೇಗಕ್ಕಿಂತ ಕೊಲ್ಲುವ ವೇಗ ಜಾಸ್ತಿ. ಕೊನೆಗೆ ಆ ಇಡೀ ಏರ್ಪಾಡನ್ನೇ ತೆಗೆಯಬೇಕಾಯಿತು. ನಮ್ಮ ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತಿಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮಲ್ಪೆಯಲ್ಲೂ ರಜೆ, ವರ್ಸೋವಾದಲ್ಲೂ ರಜೆ. ಇಲ್ಲಿನ ಕೋಳಿ ಎಂಬ ಮೀನುಗಾರ ಸಮುದಾಯದವರು ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಬಲೆ ಹಾಕುತ್ತಾರೆ. ಎಲ್ಲರೂ ಒಟ್ಟಿಗೆ ಸುಮ್ಮನಿದ್ದರೆ ಮಾತ್ರ ಈ ರಜೆಗೆ ಅರ್ಥ. ಆನ್‌ಲೈನ್ ಆಟದಲ್ಲಿ ಒಂದು ಗುಹೆಯನ್ನು ವಾರಕ್ಕೊಮ್ಮೆ ಮಾತ್ರ ಲೂಟಿ ಮಾಡಬಹುದು ಅಂತ ಬೀಗ ಹಾಕುವುದರಲ್ಲೂ ಇಂಥದೇ ಬುದ್ಧಿ ಇದೆ. ಹಗಲೂ ರಾತ್ರಿ ಆಡುವವನು ಎಲ್ಲ ಬಾಚಿಕೊಂಡು ಹೋದರೆ, ಆಫೀಸು ಮುಗಿಸಿ ಒಂಬತ್ತಕ್ಕೆ ಕೂರುವವಳಿಗೆ ಏನು ಉಳಿಯಿತು?

ಇಲ್ಲೊಂದು ಕಥೆ ಹೇಳದೆ ಇರಲಾರೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಿಡುಗಡೆಗೆ ಮೊದಲು, ಪರೀಕ್ಷೆಯ ಹಂತದಲ್ಲಿ ಅದರಲ್ಲಿ ಒಂದು ನಿಯಮವಿತ್ತು. ತುಂಬಾ ಹೊತ್ತು ಆಡಿದರೆ ಪಾತ್ರಕ್ಕೆ ಸುಸ್ತಾಗುತ್ತದೆ, ಸಿಗುವ ಅನುಭವದ ಅಂಕ ಅರ್ಧಕ್ಕೆ ಇಳಿಯುತ್ತದೆ. ಸ್ವಲ್ಪ ಎದ್ದು ಹೋಗಿ ಊಟ ಮಾಡಲಿ ಅಂತ ಉದ್ದೇಶ. ಜನ ಉರಿದುಬಿದ್ದರು. ಆಟ ಮಾಡಿದ ಬ್ಲಿಝಾರ್ಡ್ ಕಂಪನಿಯವರು ಏನು ಮಾಡಿದರು ಗೊತ್ತಾ? ಲೆಕ್ಕವನ್ನು ಹಾಗೇ ಬಿಟ್ಟು ಮಾತನ್ನು ಬದಲಾಯಿಸಿದರು. ಮೊದಲು ಪೂರ್ತಿ ಅಂಕ, ಆಮೇಲೆ ಅರ್ಧ ಅಂತ ಇದ್ದದ್ದನ್ನು, ವಿಶ್ರಾಂತಿ ಪಡೆದು ಬಂದರೆ ಎರಡರಷ್ಟು, ಆಮೇಲೆ ಮಾಮೂಲಿ ಅಂತ ಮಾಡಿದರು. ಅಂಕಿಗಳ ಅನುಪಾತ ಅದೇ. ಜನ ಈಗ ಖುಷಿ. ಕಲ್ಬಾದೇವಿಯ ಬಟ್ಟೆ ವ್ಯಾಪಾರಿ ಬೆಲೆ ಏರಿಸಿ ಬರೆದು, ಆಮೇಲೆ ರಿಯಾಯಿತಿ ಕೊಡುವ ಹಾಗೆ. ಇದನ್ನು ಓದಿದಾಗ ಮೊದಲು ನಕ್ಕೆ. ಆಮೇಲೆ ಸ್ವಲ್ಪ ಭಯವೂ ಆಯಿತು. ಮಿತಿ ಕಾಣದ ಹಾಗೆ ಮಿತಿ ಹಾಕುವ ಕಲೆ ಗೊತ್ತಾದವರು ಮುಂದೆ ಏನು ಮಾಡಬಹುದು ಅಂತ.

ಮುಂದೆ ಮಾಡಿದ್ದು ಎಲ್ಲರ ಜೇಬಿನಲ್ಲಿದೆ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಆಟದಲ್ಲಿ ರೆಸಿನ್ ಅಂತ ಒಂದು ಲೆಕ್ಕ ಇದೆ. ಪಾತ್ರವನ್ನು ಬಲಗೊಳಿಸುವ ಸಾಮಾನು ಬೇಕಾದರೆ ರೆಸಿನ್ ಖರ್ಚು ಮಾಡಬೇಕು. ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ. ಬಹಳ ಕಾಲ 160ಕ್ಕೆ ನಿಲ್ಲುತ್ತಿತ್ತು, 2024ರಲ್ಲಿ 200ಕ್ಕೆ ಏರಿಸಿದರು. ಒಂದು ಸಲದ ಗುಹೆಗೆ 20 ಬೇಕು. ಅಂದರೆ ತುಂಬಿದ ಬುಡ್ಡಿಯಲ್ಲಿ ಹತ್ತು ಸಲ, ಆಮೇಲೆ ಖಾಲಿ. ಪೂರ್ತಿ ತುಂಬಲು 26 ಗಂಟೆ 40 ನಿಮಿಷ. ಕಾಯಲು ಆಗದವರು ಆಟದ ಹರಳು ಕೊಟ್ಟು ತುಂಬಿಸಿಕೊಳ್ಳಬಹುದು. ಹರಳು ಆಡಿಯೂ ಸಿಗುತ್ತದೆ, ದುಡ್ಡು ಕೊಟ್ಟರೂ ಬರುತ್ತದೆ. ಇಂಥ ಏರ್ಪಾಡು ಇದೊಂದೇ ಆಟದ್ದಲ್ಲ, ದುಡ್ಡಿಲ್ಲದೆ ಇಳಿಸಿಕೊಳ್ಳುವ ಎಷ್ಟೋ ಮೊಬೈಲ್ ಆರ್‌ಪಿಜಿಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿದೆ.

ನಮ್ಮ ಮಂತ್ರವಾದಿಯ ಬೆಂಕಿಯುಂಡೆಯ ಪಕ್ಕ ಇದನ್ನು ಇಟ್ಟು ನೋಡಿ. ಎರಡೂ ಹೊತ್ತು ಕಳೆದರೆ ತುಂಬುವಂಥವು. ಆದರೆ ಬೆಂಕಿಯುಂಡೆ ಮುಗಿದಾಗ ಆಟ ಮುಂದುವರಿಯಿತು, ಒಣಮೀನು ಹೊರಬಂತು. ರಾತ್ರಿ ಆಗುವುದು ಪಾತ್ರಕ್ಕೆ, ನಮಗಲ್ಲ. ರೆಸಿನ್ ಮುಗಿದಾಗ ಆಟದೊಳಗೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ಉಳಿಯುವ ಪ್ರಶ್ನೆ ಆಟದ ಹೊರಗಿನದು: ಕಾಯಲಾ, ಕೊಡಲಾ? ನಮ್ಮ ಕುಂದಾಪುರದವನು ಲೋಕಲ್‌ನಲ್ಲಿ ಬೈದದ್ದು ಈ ಪ್ರಶ್ನೆಗೆ. ಅವನ ಬೈಗುಳದಲ್ಲಿ ಇಷ್ಟೆಲ್ಲ ಇತ್ತು ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ. ಇದ್ದದ್ದು ಎರಡೇ ಶಬ್ದ, ಎರಡೂ ಇಲ್ಲಿ ಬರೆಯುವಂಥದ್ದಲ್ಲ.

ಕಂಪನಿಗಳ ಪರವಾಗಿಯೂ ಒಂದು ಮಾತಿದೆ. ಹೊಸ ಕಥೆ, ಹೊಸ ಊರು ಮಾಡಲು ವಾರಗಳು ಬೇಕು. ಆಟಗಾರ ಅದನ್ನು ಒಂದು ವಾರಾಂತ್ಯದಲ್ಲಿ ನುಂಗುತ್ತಾನೆ. ತಡೆ ಇಲ್ಲದಿದ್ದರೆ ಮೂರೇ ದಿನದಲ್ಲಿ "ಆಡಲು ಏನೂ ಇಲ್ಲ" ಅಂತ ಶುರು. ಅದು ಸುಳ್ಳಲ್ಲ. ಆದರೆ ತಡೆಯ ಪಕ್ಕದಲ್ಲೇ ಟಿಕೆಟ್ ಕೌಂಟರ್ ಇಟ್ಟ ಮೇಲೆ ಆ ಮಾತು ಅರ್ಧ ನಿಜ.

ಸರಕಾರಗಳೂ ಈಗ ಆಟಗಾರರಿಗೆ ಮಿತಿ ಹಾಕುತ್ತಿವೆ. ಚೀನಾ 2021ರಲ್ಲಿ 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರಕಾರಿ ರಜೆಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಅಂತ ನಿಯಮ ಮಾಡಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಪಾಸು ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳಿಗೆ, ಅದು ಅದೃಷ್ಟದ್ದಾಗಲಿ ಚಾತುರ್ಯದ್ದಾಗಲಿ, ನಿಷೇಧ. ಹಸ್ತಿನಾವತಿಯ ಪಗಡೆಯ ಹಾಸಿಗೆ ನೆನಪಾಗುವ ವಿಷಯ. ಧರ್ಮರಾಯನಿಗೆ ಅಲ್ಲಿ ಯಾರೂ ಇಷ್ಟರ ಮೇಲೆ ಒಡ್ಡುವಂತಿಲ್ಲ ಅಂತ ಗೆರೆ ಎಳೆಯಲಿಲ್ಲ. ಕೂತು ನೋಡಿದವರು ಮಾತ್ರ ಬಹಳ ಜನ. ಆದರೆ ಹಣ ಕಟ್ಟಿ ಹಣ ಗೆಲ್ಲುವುದು ಬೇರೆ, ಹಣ ಕಟ್ಟಿ ಕಾಯುವ ಹೊತ್ತನ್ನು ಕೊಳ್ಳುವುದು ಬೇರೆ. ಈ ಕಾಯ್ದೆ ಗುರಿಯಿಟ್ಟಿರುವುದು ಮೊದಲನೆಯದಕ್ಕೆ. ಎರಡನೆಯದರ ಲೆಕ್ಕ ಸದ್ಯ ಆಟಗಾರ ಮತ್ತು ಅವನ ಯುಪಿಐ ನಡುವೆ.

ಒಟ್ಟಾರೆ ನನಗೆ ಕಂಡದ್ದು, ಆಟಗಾರರಿಗೆ ಗೆರೆಯ ಮೇಲೆ ಸಿಟ್ಟಿಲ್ಲ. ಗೆರೆ ಯಾಕೆ ಅಂತ ಕೇಳಿದರೆ ಒಂದು ಕಾರಣ ಸಿಗಬೇಕು. ಪಕ್ಕದವನಿಗೂ ಆಡಲು ಸಿಗಲಿ ಅಂತಾದರೆ ಸರಿ, ಮುಂದೆ ಕಟ್ಟಿಲ್ಲ ಅಂತಾದರೂ ಸರಿ. ಇಷ್ಟನ್ನು ಬರೆದು ಮುಗಿಸೋಣ ಅಂತಿದ್ದೆ. ಆದರೆ ನನ್ನ ಮಾತಿಗೇ ಒಪ್ಪದ ಒಂದು ಗೆರೆ ನಮ್ಮ ಮೇಜಿನಲ್ಲೇ ಇದೆ.

ಹೊಸ ಕಥೆ ಶುರು ಮಾಡುವ ಮೊದಲು ಈಗ ಹೆಚ್ಚಿನವರು ಸೆಷನ್ ಝೀರೋ ಅಂತ ಒಂದು ದಿನ ಸುಮ್ನೆ ಕೂತು ಮಾತಾಡುತ್ತಾರೆ. ಯಾವ ಥರದ ಕಥೆ ಬೇಕು, ಯಾವುದು ಬೇಡ. ಜಾನ್ ಸ್ಟಾವ್ರೊಪುಲಸ್ ಎಂಬವರು ಹುಟ್ಟಿಸಿದ ಎಕ್ಸ್ ಕಾರ್ಡ್ ಎಂಬ ಉಪಾಯವೂ ಉಂಟು. ಮೇಜಿನ ಮಧ್ಯೆ ದಪ್ಪ ಕಾಟು ಹಾಕಿದ ಒಂದು ಚೀಟಿ. ಆಟದಲ್ಲಿ ಬರುತ್ತಿರುವುದು ಯಾರಿಗಾದರೂ ಬೇಡವಾದರೆ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಬಿಟ್ಟು ಮುಂದೆ ಹೋಗಬೇಕು. ಕಾರಣ ಹೇಳಬೇಕಾಗಿಲ್ಲ, ಕೇಳಲೂಬಾರದು.

ಕಳೆದ ಸಲ ನಾವು ಚೀಟಿ ಬರೆದು ಡಬ್ಬಿಗೆ ಹಾಕಿದೆವು. ಕುಂದಾಪುರದವನು "ಜೇಡ" ಅಂತ ಬರೆದಿದ್ದ, ಅವನ ಅಕ್ಷರ ಎಲ್ಲರಿಗೂ ಗೊತ್ತು. ಇನ್ನೊಂದರಲ್ಲಿ "ಏರುವ ನೀರು ಬೇಡ" ಅಂತಿತ್ತು. ಆ ಅಕ್ಷರವೂ ಗೊತ್ತಾಯಿತು. ನಮ್ಮ ಗುಂಪಿನಲ್ಲಿ ಕಳ್ಳಿಯ ಪಾತ್ರ ಆಡುವವಳು, ಬೆಳೆದದ್ದು ಕುರ್ಲಾದಲ್ಲಿ, ಮಿಠಿ ನದಿಯ ಹತ್ತಿರ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆಗ ಅವಳಿಗೆ ಎಷ್ಟು ವಯಸ್ಸು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೇಳಲಿಲ್ಲ. ಯಾರೂ ಕೇಳಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಎರಡು ವಾರ ಕೂತು ಬರೆದ ಒಂದು ಗುಹೆ ಇತ್ತು. ಒಳಗೆ ಹೋದಂತೆ ನೀರು ಮೊಣಕಾಲಿಗೆ, ಸೊಂಟಕ್ಕೆ, ಕುತ್ತಿಗೆಗೆ ಏರುವುದು, ಅಷ್ಟರಲ್ಲಿ ಮೂರು ಬೀಗ ತೆಗೆಯಬೇಕು. ಆ ರಾತ್ರಿ ನೀರು ಅಂತ ಇದ್ದಲ್ಲೆಲ್ಲ ಹೊಡೆದುಹಾಕಿ ಮರಳು ಅಂತ ಬರೆದೆ. ಮೂರನೇ ಬೀಗ ತೆಗೆದವಳು ಅವಳೇ. ಇಪ್ಪತ್ತು ಮುಖದ ದಾಳದಲ್ಲಿ ಹತ್ತೊಂಬತ್ತು ಬಿತ್ತು. ಹೊರಗೆ ಜೋರು ಮಳೆ. ಕಿಟಕಿ ಹಾಕಿ ಅಂದಳು, ಕುಂದಾಪುರದವನು ಎದ್ದು ಹಾಕಿದ.